ಮೊದಲ ನಿಮಿಷದ ಎಣಿಕೆ

ಒದ್ದೆ, ತಣ್ಣಗಿದೆ, ಮತ್ತೆ ಬಕೆಟ್ಟಿನಲ್ಲಿ ಕೈ ಅದ್ದಿಕೊಂಡೇ ಬಂದಿದ್ದಾನೆ ನಾವೆಲ್ಲ ಗಡಿಬಿಡಿ ಎಂದು ಕರೆಯುವ ಈ ಹುಡುಗ, ಮಣಿಕಟ್ಟು ತಣಿದರೆ ನಾಡಿಯೂ ತಣಿಯುತ್ತದೆಂದು ಇವರಿಗೆಲ್ಲ ಯಾವ ಪುಣ್ಯಾತ್ಮ ಹೇಳಿಕೊಟ್ಟನೋ, ಹದಿನೆಂಟು, ಹತ್ತೊಂಬತ್ತು, ಒಳಗೆ ಓಡುವುದು ಓಡುತ್ತಲೇ ಇರುತ್ತದೆ ಮಹರಾಯ, ನೀನು ಕೈಯನ್ನು ಮಂಜುಗಡ್ಡೆಯ ಮೇಲಿಟ್ಟರೂ ಅಷ್ಟೇ, ಇಪ್ಪತ್ತಾರು, ಇಪ್ಪತ್ತೇಳು, ಬೆಂಚಿನ ಮೇಲೆ ಕೂತ ಮೇಲೆ ಅರ್ಧ ನಿಮಿಷ ಬಿಡಬೇಕು, ಆಮೇಲಿನ ಅರ್ಧ ನಿಮಿಷ ಎಣಿಸಬೇಕು, ಬಂದದ್ದನ್ನು ಎರಡರಿಂದ ಗುಣಿಸಿ ಹಾಳೆಯಲ್ಲಿ ಬರೆಯಬೇಕು, ಐವತ್ತೊಂದು, ಅಂದರೆ ನೂರಾ ಎರಡು, ನೂರಾ ಹತ್ತರ ಒಳಗಿದೆ, ಹೋಗು, ನೀರು ಕುಡಿ, ಗಟಗಟ ಬೇಡ, ನಿಧಾನ. ಬೆಳಗ್ಗಿನಿಂದ ಇದು ಇಪ್ಪತ್ತಮೂರನೆಯ ಕೈ, ಇನ್ನೂ ಮಧ್ಯಾಹ್ನದ ಊಟವಾಗಿಲ್ಲ, ಫ್ಯಾನು ಗಾಜಿನ ಕುಲುಮೆಯ ಬಿಸಿಯನ್ನೇ ಎತ್ತಿ ತಂದು ನನ್ನ ಮುಖಕ್ಕೆ ಎರಚುತ್ತಿದೆ, ಇದಕ್ಕೆ ವಿಶ್ರಾಂತಿ ಕೋಣೆ ಎಂದು ಬಾಗಿಲ ಮೇಲೆ ಬರೆದವನನ್ನು ಒಂದು ದಿನ ಇಲ್ಲಿ ಕೂರಿಸಬೇಕು, ಎರಡು ಬೆಂಚು, ಒಂದು ಗಡಿಯಾರ, ಒಂದು ನೀರಿನ ಡ್ರಮ್ಮು, ನಾನು. ಬೆರಳ ತುದಿ ಜೋಮು ಹಿಡಿದ ಹಾಗಿದೆ, ಮನೆಗೆ ಹೋದರೆ ಸೌಟಿನ ಹಿಡಿಯೂ ಬಡಿದುಕೊಳ್ಳುತ್ತದೆ, ಹಾಲಿನ ಪಾತ್ರೆಯೂ ಬಡಿದುಕೊಳ್ಳುತ್ತದೆ, ನಾನು ಕೈ ಹಿಡಿದ್ರೂ ಎಣಿಸ್ತೀಯಲ್ಲೇ ಅನ್ನುತ್ತಾರೆ ಮನೆಯವರು, ಎಣಿಸುವುದು ನಿಜ, ಅವರದು ಎಪ್ಪತ್ತೆರಡು, ಕೂತು ಟಿವಿ ನೋಡುವವರದು ಇನ್ನೇನಿರುತ್ತದೆ. ಸಾಕಾಗಿದೆ, ಒಂದು ದಿನ ಯಾರನ್ನೂ ಮುಟ್ಟದೆ ಮಲಗಬೇಕು.

ತರಬೇತಿಗೆ ಬಂದಿದ್ದ ಡಾಕ್ಟರಮ್ಮ ಚೆನ್ನಾಗಿ ಹೇಳಿದ್ದರು, ನಿಮ್ಮ ಮನೇಲಿ ಪಂಪು ಒಂದೇ, ಅಡುಗೆಮನೆ ನಲ್ಲೀನೂ ತೆರೆದಿದೆ, ಬಚ್ಚಲ ನಲ್ಲೀನೂ ತೆರೆದಿದೆ, ತೊಟ್ಟೀಲಿ ನೀರು ಬೇರೆ ಕಡಿಮೆ ಆಗ್ತಿದೆ, ಆಗ ಪಂಪು ಏನ್ಮಾಡುತ್ತೆ ಅಂತ. ಕೆಲಸ ಮಾಡುವ ತೋಳಿಗೂ ರಕ್ತ ಬೇಕು, ಮೈಯೊಳಗಿನ ಬಿಸಿಯನ್ನು ಹೊರಗೆ ಹಾಕಲು ಚರ್ಮಕ್ಕೂ ರಕ್ತ ಬೇಕು, ಎರಡಕ್ಕೂ ಇರುವುದು ಅದೇ ಐದು ಲೀಟರು, ಅದರೊಳಗಿನ ನೀರೇ ಬೆವರಾಗಿ ಹರಿದುಹೋದಂತೆ ಗುಂಡಿಗೆಗೆ ಮರಳಿ ಬರುವುದು ಕಡಿಮೆಯಾಗುತ್ತದೆ, ಒಂದೊಂದು ಬಡಿತಕ್ಕೂ ಸ್ವಲ್ಪ ಸ್ವಲ್ಪವೇ ತಳ್ಳಬೇಕು, ಆದ್ದರಿಂದ ಪಾಪ ಅದು ಓಡುತ್ತದೆ, ಓಡಿಯೇ ಸರಿದೂಗಿಸುತ್ತದೆ, ಸರಿದೂಗುವ ತನಕ. ಕುಲುಮೆಯ ಮುಂದೆ ದಿನಾ ನಿಂತರೆ ಮೈ ಪಳಗುತ್ತದೆ, ಬೇಗ ಬೆವರುತ್ತದೆ, ಗುಂಡಿಗೆಗೆ ಅಷ್ಟು ಅವಸರವಿರುವುದಿಲ್ಲ, ಎರಡು ವಾರ ಬಿಟ್ಟರೆ ಮೈ ಎಲ್ಲ ಮರೆತುಬಿಡುತ್ತದೆ, ಮೂವತ್ತೊಂದು ವರ್ಷ ಗಾಜು ಎತ್ತಿದವನ ಮೈಯೂ ಮರೆಯುತ್ತದೆ, ನನ್ನ ಅಣ್ಣನ ಮೈಯೂ. ಮಗಳ ಹೆರಿಗೆಯೆಂದು ಹದಿನೆಂಟು ದಿನ ರಜೆ ಹಾಕಿದ್ದ, ಇವತ್ತು ಬೆಳಗ್ಗೆ ಬಂದ, ಮೊಮ್ಮಗುವಿನ ಫೋಟೊ ಎಲ್ಲರಿಗೂ ತೋರಿಸಿದ, ನಿನ್ನ ಮೂಗೇ ಬಂದಿದೆ ಕಣೇ ಪಾಪ ಎಂದು ನನಗಂದ, ಏಪ್ರನ್ ಕಟ್ಟಿಕೊಂಡು ನೇರ ಕುಲುಮೆಗೆ ಹೋದ. ರಜೆಯಿಂದ ಬಂದವರಿಗೆ ಮೊದಲ ದಿನ ಅರ್ಧ ಪಾಳಿ ಎಂದು ಈ ಗೋಡೆಯ ಮೇಲೇ ಅಂಟಿಸಿದ್ದಾರೆ, ಮೇಸ್ತ್ರಿ ಮಾತ್ರ ಇವತ್ತು ಇಬ್ಬರು ಕೆಲಸಕ್ಕೆ ಬಂದಿಲ್ಲವೆಂದ, ಹಳೇ ಹುಲಿ, ಅವನಿಗೇನಾಗುತ್ತದೆಂದ, ಅಣ್ಣ ನಕ್ಕ, ನಾನು ಬಾಯಿಬಿಡಲಿಲ್ಲ. ಬಿಟ್ಟಿದ್ದರೆ ತಾನೇ ಏನು, ಅವನ ಹೆಸರಿನ ಮುಂದೆ ನಾಡಿ ಮೀರಿದ್ದಕ್ಕೆ ಆಗಲೇ ಎರಡು ಕೆಂಪು ಗುರುತಿವೆ, ಮೂರನೆಯದು ಬಿದ್ದರೆ ಕುಲುಮೆ ಬಿಡಿಸಿ ಪ್ಯಾಕಿಂಗ್ ಹಾಲಿಗೆ ಹಾಕುತ್ತಾರೆ, ಮತ್ತೆ ವಾಪಸ್ಸು ಇಲ್ಲ, ಕೆಂಡದಂಥ ಗಾಜನ್ನು ಕೊಳವೆಯ ತುದಿಗೆ ಜೇನಿನ ಹಾಗೆ ಸುತ್ತಿಕೊಂಡು ಬರುವವನು ಲೋಟಗಳಿಗೆ ಕಾಗದ ಸುತ್ತುತ್ತಾ ಕೂರಬೇಕು. ಮೊದಲ ಎರಡು ಸಲ ಕೂತು ಎದ್ದದ್ದು ನೂರಾ ಆರು, ನೂರಾ ಎಂಟು, ಎರಡೂ ನೂರಾ ಹತ್ತಕ್ಕೆ ಕಡಿಮೆ, ನಿಜವಾಗಿಯೂ ಕಡಿಮೆ, ನಾನೇನೂ ಬದಲಿಸಿಲ್ಲ.

ಬದಲಿಸಿದ್ದು ಹೋದ ಬೇಸಿಗೆಯಲ್ಲಿ, ಬದಲಿಸಿದ್ದೂ ಅಲ್ಲ, ತಡ ಮಾಡಿದ್ದು, ತಪ್ಪೆಂದರೆ ಅಷ್ಟೇ, ನಾವು ಮೀಸೆ ಎಂದೇ ಕರೆಯುವ ಕೆಲಸಗಾರ ಬಂದು ಬೆಂಚಿನ ಮೇಲೆ ಕುಸಿದು ಅಕ್ಕಾ ಮೊದ್ಲು ಒಂದು ಲೋಟ ನೀರು, ಆಮೇಲೆ ಬೇಕಾದ್ರೆ ನನ್ನ ಜಾತಕಾನೇ ಬರ್ಕೋ ಅಂದ, ನಾನು ನಕ್ಕೆ, ಅವನು ಕುಡಿದ, ಹೆಂಡತಿ ಮೀಸೆ ಬೋಳಿಸು ಎಂದದ್ದಕ್ಕೆ ಮೂರು ದಿನ ಮಾತು ಬಿಟ್ಟ ಕತೆ ಹೇಳಿದ, ಇನ್ನೊಂದು ಲೋಟ ಕುಡಿದ, ಆಮೇಲೆ ಕೈ ಕೊಟ್ಟ, ನಲವತ್ತೊಂಬತ್ತು, ತೊಂಬತ್ತೆಂಟು ಎಂದು ಬರೆದೆ. ಅದು ಮೂರನೆಯ ನಿಮಿಷದ ನಾಡಿ, ಮೊದಲ ನಿಮಿಷದ ಜಾಗದಲ್ಲಿ ಬರೆದೆ, ಮೂರನೆಯ ನಿಮಿಷಕ್ಕೆ ತೊಂಬತ್ತಕ್ಕೆ ಇಳಿದಿರಬೇಕು, ಇಳಿದಿರಲಿಲ್ಲ, ನನಗೆ ಗೊತ್ತಿತ್ತು, ನಗುತ್ತಿದ್ದಾಗಲೇ ಗೊತ್ತಿತ್ತು. ಅವನು ತಲೆ ಹಿಂದಕ್ಕೆ ಹಾಕಿ ನಕ್ಕಾಗ ಕುತ್ತಿಗೆಯ ನರ ಕಂಡಿತ್ತು, ದವಡೆಯ ಕೆಳಗೆ, ಒಳಗೆ ಯಾರೋ ಬಾಗಿಲು ತಟ್ಟುತ್ತಿರುವ ಹಾಗೆ, ನೋಡಿದೆ, ನೋಡಿಯೂ ಪೆನ್ನಿನ ಮುಚ್ಚಳ ಹಾಕಿದೆ. ಇಪ್ಪತ್ತು ನಿಮಿಷಕ್ಕೆ ಕುಲುಮೆಯ ಬಾಯಿಯ ಮುಂದೆ ಬಿದ್ದ, ಎತ್ತಿಕೊಂಡು ಬಂದಾಗ ಮೈ ಸುಡುತ್ತಿತ್ತು, ಏನೇನೋ ಬಡಬಡಿಸುತ್ತಿದ್ದ, ನನ್ನನ್ನು ಅಮ್ಮಾ ಎಂದು ಕರೆದ. ಬದುಕಿದ, ಬದುಕಿದ್ದಾನೆ, ಈಗ ಗೇಟಿನ ಹತ್ತಿರ ಕುರ್ಚಿ ಹಾಕಿ ಕೂರಿಸಿದ್ದಾರೆ, ಬೆಳಗ್ಗೆ ನಾನು ಬಂದರೆ ಈಗಲೂ ತಮಾಷೆ ಮಾಡುತ್ತಾನೆ, ಒಂದೊಂದು ಮಾತು ಹುಡುಕಿ ತರಲು ಅವನಿಗೆ ಅಷ್ಟು ಹೊತ್ತು ಬೇಕು, ನಾನು ಚೀಲ ಹಿಡಿದು ನಿಂತು ಕಾಯುತ್ತೇನೆ, ಮುಗಿಯುವ ಮೊದಲೇ ನಗುವ ಹಾಗಿಲ್ಲವಲ್ಲ. ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲ, ಹಾಳೆಯಲ್ಲಿ ತೊಂಬತ್ತೆಂಟು ಇತ್ತು, ತೊಂಬತ್ತೆಂಟು ಒಳ್ಳೆಯ ಸಂಖ್ಯೆ. ನನಗೆ ನಾಚಿಕೆಯಾಗುತ್ತದೆ, ದಿನಾ ಆಗುತ್ತದೆ.

ಬಂದ, ಅಣ್ಣ ಬಂದ, ಬಾಗಿಲ ಚೌಕಟ್ಟು ಹಿಡಿದು ಒಂದು ಕ್ಷಣ ನಿಂತ, ಅವನು ಯಾವತ್ತೂ ಚೌಕಟ್ಟು ಹಿಡಿಯುವವನಲ್ಲ, ಮುಖ ಕೆಂಪು, ತುಟಿ ಬಿಳಿ, ಅಂಗಿಯ ಬೆನ್ನಿನಲ್ಲಿ ಉಪ್ಪಿನ ಗೆರೆ, ಗೆರೆಯ ಮೇಲೆ ಗೆರೆ, ಕೂತ, ನೀರು ಕೊಡೇ ಅಂದ. ಲೋಟ ಕೈಗೆ ಬಂದೇಬಿಟ್ಟಿತ್ತು, ಕೆಳಗಿಟ್ಟೆ, ಅರ್ಧ ನಿಮಿಷ ತಡಿ ಅಣ್ಣ, ಮೊದಲು ಕೈ ಕೊಡು. ಅವನು ನನ್ನ ಮುಖ ನೋಡಿದ, ಮ್ಯಾನೇಜರನ ಮುಂದೆ ನಿಂತು ನನ್ನ ತಂಗಿ ಎಣಿಕೆ ತಪ್ಪೋಳಲ್ಲ ಸಾರ್ ಎಂದು ನನಗೆ ಈ ಕುರ್ಚಿ ಕೊಡಿಸಿದವನು, ಕೈ ಕೊಟ್ಟ. ಬೆರಳಿಡುವ ಮೊದಲೇ ಗೊತ್ತಾಯಿತು, ಬೆರಳಿನ ಕೆಳಗೆ ತೆಳ್ಳಗೆ, ಅವಸರವಾಗಿ, ಮೆಟ್ಟಿಲಿಳಿದು ಓಡುವ ಮಕ್ಕಳ ಹಾಗೆ, ಮೂವತ್ತು, ಮೂವತ್ತೊಂದು, ಮುಳ್ಳು ಇನ್ನೂ ಒಂಬತ್ತು ದಾಟಿಲ್ಲ, ತಪ್ಪಿಸು, ಒಂದೆರಡು ಬಿಟ್ಟು ಎಣಿಸು, ಯಾರಿಗೆ ಗೊತ್ತಾಗುತ್ತದೆ, ಐವತ್ತೆಂಟು, ಅರವತ್ತು, ಕುತ್ತಿಗೆಯ ನರ, ದವಡೆಯ ಕೆಳಗೆ, ಅದೇ ಜಾಗ, ತಟ್ಟುತ್ತಿದೆ, ಎಪ್ಪತ್ತೊಂದು. ನೂರಾ ನಲವತ್ತೆರಡು.

ನೂರಾ ಎಂಟು ಅಂತ ಬರಿ, ಅಂದ, ಮೆಲ್ಲಗೆ, ಡ್ರಮ್ಮಿನ ಹತ್ತಿರ ನಿಂತಿದ್ದ ಗಡಿಬಿಡಿಗೆ ಕೇಳಿಸದ ಹಾಗೆ, ಜನ್ಮದಲ್ಲಿ ನಿನ್ನ ಹತ್ರ ಏನೂ ಕೇಳಿಲ್ಲ, ಇದೊಂದು ಬರಿ. ಕೇಳಿಲ್ಲ, ನಿಜ, ಒಂದು ದಿನವೂ ಕೇಳಿಲ್ಲ, ಎಲ್ಲ ಕೊಟ್ಟೇ ಗೊತ್ತು ಅವನಿಗೆ. ಕೆಂಪು ಪೆನ್ನು ತೆಗೆದುಕೊಂಡೆ, ಒಂದು, ನಾಲ್ಕು, ಎರಡು, ಅಂಕಿ ಸೊಟ್ಟಗಾಯಿತು, ತಿದ್ದಲಿಲ್ಲ, ಮೇಸ್ತ್ರಿಗೆ ಕೂಗಿ ಹೇಳಿದೆ, ಇವರು ಇವತ್ತು ಒಳಗೆ ಹೋಗೋ ಹಾಗಿಲ್ಲ. ಅಣ್ಣ ಬೈದಿದ್ದರೆ ಚೆನ್ನಾಗಿತ್ತು, ಏಪ್ರನ್ನಿನ ಗಂಟು ಬಿಚ್ಚಲು ಬೆರಳು ತಡವರಿಸಿತು, ಬಿಚ್ಚಲು ಹೋದ ನನ್ನ ಕೈಯನ್ನು ಸರಿಸಿದ, ನಾನು ಕೊಟ್ಟ ನೀರು ಮುಟ್ಟಲಿಲ್ಲ, ಗಡಿಬಿಡಿ ಕೊಟ್ಟದ್ದನ್ನು ಕುಡಿದ, ಗಡಿಬಿಡಿ ಒದ್ದೆ ಬಟ್ಟೆ ಹೊದಿಸಿದರೆ ಸುಮ್ಮನಿದ್ದ, ಸದ್ಯ ಕುಡಿದನಲ್ಲ, ಯಾರ ಕೈಯಿಂದಾದರೇನು. ಬೆಂಚಿನ ಮೇಲೆ ಗೋಡೆಯ ಕಡೆ ತಿರುಗಿ ಕೂತಿದ್ದಾನೆ, ಮೂರನೆಯ ನಿಮಿಷಕ್ಕೆ ಇನ್ನೊಮ್ಮೆ ಎಣಿಸಬೇಕು, ಕೈ ಕೇಳಿದರೆ ಕೊಡುವುದಿಲ್ಲ, ಇನ್ನು ಯಾವತ್ತೂ ಕೊಡುವುದಿಲ್ಲ, ನಾಳೆ ಲೋಟಕ್ಕೆ ಕಾಗದ ಸುತ್ತುವಾಗಲೂ ಈ ಕಡೆ ನೋಡುವುದಿಲ್ಲ, ಬೇಡ ಬಿಡು, ಮುಖ ತಿರುಗಿಸಿದ್ದರಿಂದ ಕುತ್ತಿಗೆ ನನ್ನ ಕಡೆಗಿದೆ, ಹಾಗೇ ಇರು ಅಣ್ಣ, ತಿರುಗಬೇಡ, ಕಾಣುತ್ತಿದೆ, ನರ ಕಾಣುತ್ತಿದೆ, ಹದಿಮೂರು, ಹದಿನಾಲ್ಕು, ಹದಿನೈದು