ಏಳನೇ ಗುಂಡಿ

ನಾನು ಬರೆಯುವುದರಲ್ಲಿ ಅರ್ಧಕ್ಕರ್ಧ ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ಈ ಕೆಲಸ ನನಗೆ ಇಷ್ಟ.

ಪರದೆಯ ಮೇಲೆ ಬಂದು ಹರಟೆ ಹೊಡೆಯುವ, ಹಾಡುವ, ಆಟ ಆಡುವ ಜನರಲ್ಲಿ ಕೆಲವರು ತಮ್ಮ ಮುಖ ತೋರಿಸುವುದಿಲ್ಲ. ಅವರ ಬದಲು ಒಂದು ಚಿತ್ರದ ಮುಖ ಕೂತಿರುತ್ತದೆ. ಅವರು ನಕ್ಕರೆ ಅದು ನಗುತ್ತದೆ, ಅವರು ತಲೆ ವಾಲಿಸಿದರೆ ಅದೂ ವಾಲಿಸುತ್ತದೆ. ಆ ಮುಖ ಬರೆಯುವವಳು ನಾನು. ಬರೆಯುವುದೆಂದರೆ ಒಂದು ಚಿತ್ರ ಗೀಚಿ ಕೈ ತೊಳೆದುಕೊಳ್ಳುವುದಲ್ಲ. ಹಣೆಯ ಮೇಲಿನ ಕೂದಲು ಒಂದು ಪದರ, ಬೆನ್ನಿನ ಮೇಲಿನದು ಇನ್ನೊಂದು. ಹುಬ್ಬು, ರೆಪ್ಪೆ, ಕಣ್ಣಿನ ಬಿಳಿ, ಪಾಪೆ, ಮೇಲ್ದುಟಿ, ಕೆಳದುಟಿ, ಬಾಯೊಳಗಿನ ಕತ್ತಲೆ, ನಾಲಿಗೆ, ಮೇಲಿನ ಸಾಲಿನ ಹಲ್ಲು, ಕೆಳಗಿನ ಸಾಲಿನ ಹಲ್ಲು, ಎಲ್ಲವೂ ಬೇರೆ ಬೇರೆ. ಕೂದಲು ಸರಿದಾಗ ಅಡಿಯಲ್ಲಿ ತೂತು ಕಾಣಬಾರದಲ್ಲ. ಹಾಗಾಗಿ ಕೂದಲಿನಡಿಯ ಹಣೆಯನ್ನೂ ಪೂರ್ತಿ ಬರೆಯಬೇಕು, ರೆಪ್ಪೆಯ ಹಿಂದಿನ ಕಣ್ಣುಗುಡ್ಡೆಯನ್ನೂ ದುಂಡಗೆ ಮುಗಿಸಬೇಕು.

ನಾನಂತೂ ಮುಚ್ಚಿಹೋಗುವುದನ್ನೇ ಮೊದಲು ಬರೆಯುತ್ತೇನೆ. ಇದು ಚಿಕ್ಕಮ್ಮನಿಂದ ಬಂದ ಅಭ್ಯಾಸ. ಅವಳು ದರ್ಜಿ. ಕೋಟಿನ ಒಳಗಿನ ಅಸ್ತರಿಗೆ ಹೊರಗಿನದಕ್ಕಿಂತ ಒಳ್ಳೆಯ ಬಟ್ಟೆ ಹಾಕುವಳು. ಯಾಕೆಂದು ಕೇಳಿದರೆ, "ಹಾಕ್ಕೊಳ್ಳೋರ ಮೈಗೆ ತಾಗೋದು ಇದೇ ಅಲ್ವೇನೇ" ಎನ್ನುವಳು.

ಈ ಸಲ ಮುಖ ಬೇಕಾಗಿದ್ದು ಆ ಚಿಕ್ಕಮ್ಮನಿಗೇ. ಅವಳ ಅಂಗಡಿಯಿದ್ದ ಕಟ್ಟಡವನ್ನು ಕೆಡವಿದ್ದರು. ಹೊಲಿಗೆ ಯಂತ್ರ ನಮ್ಮ ಮುಂದಿನ ಕೋಣೆಗೆ ಬಂದು ಕೂತಿತ್ತು. ಸುಮ್ಮನೆ ಕೈ ಕಟ್ಟಿ ಕೂರುವ ಜಾತಿಯವಳಲ್ಲ ಅವಳು. ಬಟ್ಟೆ ಕತ್ತರಿಸುವುದನ್ನು ಪರದೆಯ ಮೂಲಕ ಕಲಿಸುತ್ತೇನೆ ಎಂದು ಹೊರಟಳು.

"ಕೈ ತೋರಿಸ್ತೀನಿ. ಮುಖ ತೋರಿಸಲ್ಲ."

"ಯಾಕೆ, ಮುಖಕ್ಕೇನಾಗಿದೆ?"

"ಏನೂ ಆಗಿಲ್ಲ. ಅದು ನಂದಲ್ಲ, ಅಷ್ಟೇ."

ಅವಳು ಹೇಳಿದ್ದು ನನಗೆ ಅರ್ಥವಾಯಿತು. ನನ್ನ ಅಮ್ಮ ಅವಳ ಅಕ್ಕ. ಇಬ್ಬರೂ ಅಚ್ಚು ಹೊಡೆದ ಹಾಗಿದ್ದರಂತೆ. ನನಗೆ ಎರಡು ತುಂಬುವ ಮೊದಲೇ ಅಮ್ಮ ತೀರಿಕೊಂಡಳು. ಮಗುವನ್ನು ನೋಡಿಕೊಳ್ಳಲು ಎರಡು ತಿಂಗಳಿಗೆಂದು ಬಂದ ಚಿಕ್ಕಮ್ಮ ಮೂವತ್ತೊಂದು ವರ್ಷವಾದರೂ ವಾಪಸು ಹೋಗಿಲ್ಲ. ಬೀದಿಯಲ್ಲಿ, ಅಂಗಡಿಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಅಮ್ಮನನ್ನು ಕಂಡಿದ್ದವರೆಲ್ಲ ಇವಳನ್ನು ತಡೆದು ನಿಲ್ಲಿಸಿ, "ಥೇಟ್ ಅಕ್ಕನೇ!" ಎಂದು ಕಣ್ಣೊರೆಸಿಕೊಳ್ಳುವರು. ಅಪ್ಪನಿಗೆ ಊರೂರು ತಿರುಗುವ ಕೆಲಸವಿತ್ತು. ಇದ್ದಷ್ಟು ಕಾಲ, ಮನೆಗೆ ಬಂದಾಗಲೆಲ್ಲ ಒಂದು ಸಲವಾದರೂ ಅಮ್ಮನ ಹೆಸರು ಹಿಡಿದು ಇವಳನ್ನು ಕರೆದು ನಾಲಿಗೆ ಕಚ್ಚಿಕೊಳ್ಳುತ್ತಿದ್ದರು.

"ಒಂದು ಸಲನಾದ್ರೂ ಯಾರಾದ್ರೂ ಅಕ್ಕನ್ನ ನೆನೆಸ್ಕೊಳ್ದೆ ನನ್ನ ನೋಡ್ಲಿ ಅನ್ಸುತ್ತೆ ಕಣೇ" ಎಂದಳು ಚಿಕ್ಕಮ್ಮ. "ಯಾರ ಥರಾನೂ ಇಲ್ದಿರೋ ಮುಖ ಮಾಡ್ಕೊಡು. ಅಕ್ಕನ ನೆರಳೂ ಬೀಳ್ಬಾರ್ದು. ಮಾತು ಕೊಡು."

ಕೊಟ್ಟೆ.

"ಹಾಗೇ ಎರಡು ಕೊಂಬು ಇರ್ಲಿ."

"ಕೊಂಬಾ?"

"ಪುಟ್ಟದು, ಆಡಿಗಿರುತ್ತಲ್ಲ ಹಾಗೆ. ನಾನೇನಾದ್ರೂ ಕೇಳಿದಾಗೆಲ್ಲ, ನಿಂಗೇನು ಕೊಂಬಿದ್ಯಾ ಅಂತ ಎಲ್ರೂ ಬಾಯಿ ಮುಚ್ಚಿಸ್ತಿದ್ರು. ಇರ್ಲಿ ಈಗ."

ಹೀಗೆ ಕೊಂಬಿನವಳು ಹುಟ್ಟಿದಳು. ಪಾಚಿ ಹಸಿರಿನ ಕೂದಲು, ಚೂಪು ಗಲ್ಲ, ಬೂದು ಕಣ್ಣು. ಎರಡು ವಾರ ಒಳಗಿನ ಕೋಣೆಯಲ್ಲಿ ಕೂತು ಅವಳನ್ನು ಪದರ ಪದರವಾಗಿ ಬರೆದೆ. ಮುಂದಿನ ಕೋಣೆಯಲ್ಲಿ ಯಂತ್ರ ಓಡುವುದು, ನಿಲ್ಲುವುದು, ಮತ್ತೆ ಓಡುವುದು ಕೇಳುತ್ತಿತ್ತು. ಆ ಸದ್ದಿನಲ್ಲೇ ಬೆಳೆದವಳು ನಾನು. ಅದು ನಿಂತರೆ ಎಚ್ಚರವಾಗುತ್ತದೆ, ಓಡಿದರೆ ಕಣ್ಣು ಎಳೆಯುತ್ತದೆ.

ಅಂಥದೇ ಒಂದು ಮಧ್ಯಾಹ್ನ. ಕಿಟಕಿಯ ಬಿಸಿಲು ಮೇಜಿನ ಮೇಲೆ ಹಾಲಿನ ಹಾಗೆ ಚೆಲ್ಲಿತ್ತು. ಎಚ್ಚರವೋ ಮಂಪರೋ ತಿಳಿಯದ ಆ ಹೊತ್ತಿನಲ್ಲಿ ನನಗೆ ಅಮ್ಮನ ನೆನಪು ಬಂತು.

ಅಮ್ಮನದು ನನ್ನ ಬಳಿ ಇರುವುದು ಒಂದೇ ಒಂದು ನೆನಪು. ನಾನು ಮಲಗಿದ್ದೇನೆ. ಬಿಳಿ ಪರದೆಯೊಂದು ಗಾಳಿ ತುಂಬಿಕೊಂಡು ಮೆಲ್ಲಗೆ ಉಬ್ಬುತ್ತದೆ. ಒಂದು ಮುಖ ಮೇಲಿನಿಂದ ಇಳಿದು ಬರುತ್ತದೆ. ಕೂದಲು ಎರಡೂ ಕಡೆ ಇಳಿಬಿದ್ದು ನನಗೂ ಆ ಮುಖಕ್ಕೂ ಒಂದು ಪುಟ್ಟ ಮನೆಯಾಗುತ್ತದೆ. ಮುಖ ನಗುತ್ತದೆ. ನಗುವಿನ ನಡುವೆ ಒಂದು ಹಲ್ಲು ಮೂಲೆಯಲ್ಲಿ ಮುಕ್ಕಾಗಿದೆ. ಸದ್ದಿಲ್ಲ. ಪರದೆ ಇಳಿಯುತ್ತದೆ, ಅಷ್ಟೇ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಚಿಕ್ಕಮ್ಮನಿಗೂ. ಹೇಳಿದರೆ ಸವೆದುಹೋದೀತೆಂಬ ಜಿಪುಣತನ. ಮನೆಯಲ್ಲಿರುವ ಅಮ್ಮನ ಒಂದೇ ಫೋಟೋದಲ್ಲಿ ಅವಳು ತುಟಿ ಬಿಗಿದು ಕೂತಿದ್ದಾಳೆ. ಅಮ್ಮನ ಹಲ್ಲು ಕಂಡವಳು ಮನೆಯಲ್ಲಿ ನಾನೊಬ್ಬಳೇ ಎಂಬ ಹಾಗೆ ಅದನ್ನು ಬಚ್ಚಿಟ್ಟುಕೊಂಡಿದ್ದೆ.

ಕೈ ತಾನಾಗಿ ಓಡಿತು. ಕೊಂಬಿನವಳ ಪದರಗಳನ್ನೆಲ್ಲ ಮರೆಮಾಡಿ, ಅದೇ ತಲೆಯ ಅಳತೆಯ ಮೇಲೆ ಅಮ್ಮನನ್ನು ಬರೆದೆ. ಮೊದಲು ಕೂದಲಿನಡಿಯ ಹಣೆ, ಆಮೇಲೆ ರೆಪ್ಪೆಯ ಹಿಂದಿನ ಕಣ್ಣು, ಕೊನೆಗೆ ಹಲ್ಲು. ಮೇಲಿನ ಸಾಲು, ನಡುವಿನಿಂದ ಎಡಕ್ಕೆ ಮೊದಲನೆಯದು, ಮೂಲೆ ಮುಕ್ಕು. ಎಲ್ಲವನ್ನೂ ಒಂದು ಫೋಲ್ಡರಿಗೆ ಹಾಕಿ 'ಅಮ್ಮ' ಎಂದು ಹೆಸರಿಟ್ಟೆ. ತುಂಬ ಹೊತ್ತು ನೋಡುತ್ತ ಕೂತೆ. ಆಮೇಲೆ ಆ ಫೋಲ್ಡರನ್ನು ಮರೆಮಾಡಿ, ಕೊಂಬಿನವಳನ್ನು ಮತ್ತೆ ಕಾಣುವ ಹಾಗೆ ಮಾಡಿದೆ. ನಮ್ಮ ತಂತ್ರಾಂಶದಲ್ಲಿ ಪ್ರತಿ ಪದರದ ಪಕ್ಕ ಒಂದು ಕಣ್ಣಿನ ಗುರುತಿರುತ್ತದೆ. ಅದನ್ನು ಒತ್ತಿದರೆ ಪದರ ಮಾಯ. ಆದರೆ ಫೈಲಿನೊಳಗೆ ಇದ್ದೇ ಇರುತ್ತದೆ. ಆಮೇಲೆ ಬೇರೆ ಕಡೆ ಎತ್ತಿಡೋಣ ಎಂದುಕೊಂಡು ಮೇಜಿಗೆ ತಲೆ ಕೊಟ್ಟೆ.

ಎದ್ದಾಗ ಬೆನ್ನ ಮೇಲೆ ಹೊದಿಕೆ ಇತ್ತು. "ಜೊಲ್ಲು ಸುರಿಸ್ಕೊಂಡು ಮಲ್ಗಿದ್ದೀಯ, ಮೇಜು ಕೊಳೆತು ಹೋಗುತ್ತೆ" ಎಂದು ಚಿಕ್ಕಮ್ಮ ಮುಂದಿನ ಕೋಣೆಯಿಂದಲೇ ಕೂಗಿದಳು. ನಕ್ಕೆ. ಮರೆತೆ. ಎರಡು ದಿನ ಬಿಟ್ಟು ಫೈಲನ್ನು ಕೀಲಣ್ಣನಿಗೆ ಕಳಿಸಿದೆ.

ನಾನು ಬರೆದ ಪದರಗಳಿಗೆ ಕೀಲು ಕೂರಿಸಿ ಅಲ್ಲಾಡುವ ಹಾಗೆ ಮಾಡುವವನು ಕೀಲಣ್ಣ. ಏಳೆಂಟು ವರ್ಷದಿಂದ ಜೊತೆಗೆ ಕೆಲಸ ಮಾಡುತ್ತಿದ್ದರೂ ಅವನ ಮುಖ ನಾನು ಕಂಡಿಲ್ಲ. ನಮ್ಮಿಬ್ಬರ ನಡುವೆ ಒಂದು ನಿಯಮವಿದೆ. ಮರೆಮಾಡಿ ಕಳಿಸಿದ್ದೆಲ್ಲ ಭಾವನೆಗಳು: ನಾಚಿಕೆಯ ಕೆಂಪು, ಕಣ್ಣೀರು, ಸಿಟ್ಟಿನ ಗೆರೆ, ಇಂಥವು. ಒಂದೊಂದನ್ನೂ ಅವನು ಕೀಲಿಮಣೆಯ ಒಂದೊಂದು ಅಂಕಿಯ ಗುಂಡಿಗೆ ಕಟ್ಟುತ್ತಾನೆ. ಒತ್ತಿದರೆ ಬರುತ್ತದೆ. ಬೇಡದ ಪದರವನ್ನು ನಾನು ಅಳಿಸಿಯೇ ಕಳಿಸಬೇಕು, ಮರೆಮಾಡಿ ಅಲ್ಲ. ಈ ನಿಯಮ ಮಾಡಿದ ಮಹಾಶಯೆಯೂ ನಾನೇ.

ಹತ್ತು ದಿನದ ಮೇಲೆ ಅವನ ಧ್ವನಿ ಸಂದೇಶ ಬಂತು. "ಗುರುಗಳೇ, ಏಳೂ ಗುಂಡಿ ಕಟ್ಟಿದ್ದೀನಿ. ಏಳನೇದು ನನ್ನ ಪ್ರಾಣ ಹಿಂಡ್ತು. ಆದ್ರೆ ಬಂದಿದೆ ನೋಡಿ, ಜೀವ ಇರೋ ಹಾಗೆ."

ನಾನು ಹೇಳಿದ್ದು ಆರು. ಇವನಿಗೆ ಎಣಿಸಲಿಕ್ಕೂ ಬರುವುದಿಲ್ಲ ಎಂದುಕೊಂಡೆ. ಅಷ್ಟಕ್ಕೇ ಬಿಟ್ಟೆ.

ಮಾರನೆಯ ದಿನ ಚಿಕ್ಕಮ್ಮ ಕನ್ನಡಕ ಒರೆಸಿಕೊಂಡು ಪರದೆಯ ಮುಂದೆ ಕೂತಳು. ಕ್ಯಾಮೆರಾ ಹಚ್ಚಿದೆ. ಕೊಂಬಿನವಳು ಕಣ್ಣು ಪಿಳುಕಿಸಿ ಎಚ್ಚರವಾದಳು. ಚಿಕ್ಕಮ್ಮ ಹುಬ್ಬೇರಿಸಿದರೆ ಅವಳೂ ಏರಿಸಿದಳು. ಚಿಕ್ಕಮ್ಮ ತಲೆ ಕುಣಿಸಿದರೆ ಹಸಿರು ಕೂದಲು ನೀರಿನಲ್ಲಿ ಆಡುವ ಹಾಗೆ ಆಡಿತು.

"ಅಯ್ಯೋ, ಎಷ್ಟು ಚೂಟಿ ಇದ್ದಾಳೆ! ಇವಳನ್ನ ನೋಡಿದ್ರೆ ಯಾರಿಗೂ ಯಾರೂ ನೆನಪಾಗಲ್ಲ ಬಿಡು" ಎಂದಳು. ಅವಳ ಖುಷಿ ಕಂಡು ನನಗೆ ಹೊಟ್ಟೆ ತುಂಬಿತು.

ಗುಂಡಿಗಳನ್ನು ಒಂದೊಂದಾಗಿ ಒತ್ತಿದಳು. ಒಂದು, ಕೆನ್ನೆ ಕೆಂಪು. ಎರಡು, ಕಣ್ಣೀರು. ಮೂರು, ಸಿಟ್ಟು. ಆರರವರೆಗೂ ಮಗುವಿನ ಹಾಗೆ ನಗುತ್ತ ಹೋದಳು. "ಏಳಕ್ಕೇನಿದೆ?"

ಆಗ ನನಗೆ ಮರೆಮಾಡಿಟ್ಟ ಆ ಫೋಲ್ಡರು ನೆನಪಾಯಿತು. "ಚಿಕ್ಕಮ್ಮ, ಬೇಡ, ಅದು..."

ಒತ್ತಿಬಿಟ್ಟಿದ್ದಳು.

ಹಸಿರು ಕೂದಲು ಕರಗಿತು. ಕೊಂಬು ಕರಗಿತು. ಅಮ್ಮ ಬಂದಳು. ಕಪ್ಪು ಕೂದಲು ಎರಡೂ ಕಡೆ ಇಳಿಬಿಟ್ಟು, ಪರದೆಯ ಆಚೆಯಿಂದ ನಮ್ಮ ಕಡೆ ಬಗ್ಗಿ ನೋಡಿದಳು. ಚಿಕ್ಕಮ್ಮ ಉಸಿರು ಹಿಡಿದಳು. ಅವಳೂ ಹಿಡಿದಳು. ಇಬ್ಬರೂ ಅಲ್ಲಾಡದೆ ಒಬ್ಬರನ್ನೊಬ್ಬರು ನೋಡುತ್ತ ಕೂತರು. ಕೋಣೆಯಲ್ಲಿ ಗಡಿಯಾರವೂ ಮೆಲ್ಲಗೆ ನಡೆದ ಹಾಗೆ ಅನಿಸಿತು. ಭೂಮಿ ಬಾಯಿ ಬಿಡಬಾರದೇ ಎಂದು ನಾನು ನಿಂತಿದ್ದೆ.

"ನೀನೂನಾ?" ಎಂದಳು ಚಿಕ್ಕಮ್ಮ. ಪರದೆಯ ಮೇಲಿನ ತುಟಿಗಳೂ ಅದನ್ನೇ ಕೇಳಿದವು. "ಕೊನೆಗೆ ನೀನೂ ಅಕ್ಕನ್ನೇ ಕೂರಿಸ್ದಾ ನನ್ನ ಮುಖದ ಮೇಲೆ?"

"ತಪ್ಪಾಯ್ತು ಚಿಕ್ಕಮ್ಮ. ನಿಂಗೆ ಅಂತ ಬರ್ದಿದ್ದಲ್ಲ. ಅಮ್ಮ ನೆನಪಾದ್ಲು, ಬರ್ದೆ. ಅಳಿಸೋದು ಮರ್ತೆ. ಈಗ್ಲೇ ಅಳಿಸ್ತೀನಿ."

ಅವಳು ನನ್ನ ಮಾತು ಕೇಳಿಸಿಕೊಂಡಂತಿರಲಿಲ್ಲ. ಪರದೆಗೆ ಮೂಗು ತಾಗುವಷ್ಟು ಮುಂದೆ ಬಗ್ಗಿದಳು. "ತಾಳು. ಈ ಹಲ್ಲು ಯಾಕೆ ಹೀಗಿದೆ?" ಬಾಯಿ ಅಗಲಿಸಿ 'ಆ' ಎಂದಳು. ಪರದೆಯ ಬಾಯಿಯೂ ತೆರೆಯಿತು. ಮುಕ್ಕು ಹಲ್ಲು ಪೂರ್ತಿ ಕಂಡಿತು.

"ಅಮ್ಮನ ಹಲ್ಲು ಹಾಗೇ ಇತ್ತಲ್ಲ" ಎಂದೆ. ಇನ್ನು ಬಚ್ಚಿಟ್ಟು ಏನು ಪ್ರಯೋಜನ? ಮಲಗಿದ್ದು, ಬಿಳಿ ಪರದೆ ಉಬ್ಬಿದ್ದು, ಮುಖ ಇಳಿದು ಬಂದು ನಕ್ಕಿದ್ದು, ಎಲ್ಲ ಹೇಳಿದೆ. ಚಿಕ್ಕಮ್ಮ ಕೇಳಿದಳು. ಪರದೆಯ ಮೇಲಿನ ಮುಖವೂ ತಲೆ ವಾಲಿಸಿ ಕೇಳಿತು.

ಮುಗಿದ ಮೇಲೆ ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಅಕ್ಕನ ಹಲ್ಲು ಮುತ್ತು ಪೋಣಿಸಿದ ಹಾಗಿತ್ತು ಕಣೇ. ಸೈಕಲ್ಲಿಂದ ಬಿದ್ದು ಹಲ್ಲು ಮುರ್ಕೊಂಡಿದ್ದು ನಾನು." ಎಡಗಡೆಯ ಮುಂದಿನ ಹಲ್ಲನ್ನು ಉಗುರಿನಿಂದ ಟಕ್ ಟಕ್ ಎಂದು ತಟ್ಟಿ ತೋರಿಸಿದಳು. ಅದು ಪಕ್ಕದ್ದಕ್ಕಿಂತ ಒಂದು ಗುಲಗಂಜಿಯಷ್ಟು ಹೆಚ್ಚು ಬಿಳಿ. ಇಷ್ಟು ವರ್ಷ ಕಣ್ಣೆದುರೇ ಇದ್ದರೂ ನಾನು ಯಾಕೆಂದು ಕೇಳಿರಲಿಲ್ಲ. "ನಿನ್ನ ಶಾಲೆಗೆ ಬಿಡೋಕೆ ಮುಂಚೆ ಕವಚ ಹಾಕಿಸ್ಕೊಂಡೆ. ನಿಮ್ಮನೇಲಿ ಹಲ್ಲು ಮುರುಕಿ ಇದ್ದಾಳೆ ಅಂತ ಮಕ್ಕಳು ನಿನ್ನ ಆಡ್ಕೋಬಾರ್ದು ಅಂತ."

"ಆದ್ರೆ ಆ ಪರದೆ..."

"ಬಿಳೀದು ತಾನೇ? ನಾನು ಈ ಮನೆಗೆ ಬಂದು ಮೊದ್ಲು ಹೊಲಿದಿದ್ದೇ ಅದು. ನಿಂಗೆ ಬಿಸಿಲು ಬಡೀತಿತ್ತು. ಅಕ್ಕ ಅದನ್ನ ನೋಡೇ ಇಲ್ಲ."

ಅಮ್ಮನದೆಂದು ನನ್ನ ಬಳಿ ಇದ್ದದ್ದು ಅದೊಂದೇ. ಅದೂ ಅಮ್ಮನದಲ್ಲ. ನೆಲದ ಮೇಲೆ ಕುಸಿದು ಕೂತು ಗಳಗಳನೆ ಅತ್ತೆ. ಕಳೆದುಕೊಂಡದ್ದಕ್ಕೆ ಅಳುತ್ತಿದ್ದೇನೋ ಸಿಕ್ಕಿದ್ದಕ್ಕೋ, ನನಗೇ ಗೊತ್ತಾಗಲಿಲ್ಲ. ತಲೆಯೆತ್ತಿದರೆ ಚಿಕ್ಕಮ್ಮ ನಗುತ್ತಿದ್ದಳು. ಕೆನ್ನೆಯೆಲ್ಲ ಒದ್ದೆ, ಆದರೂ ಹೊಟ್ಟೆ ಹಿಡಿದುಕೊಂಡು ನಗು.

"ಊರೆಲ್ಲ ನನ್ನ ಮುಖದಲ್ಲಿ ಅಕ್ಕನ್ನ ನೋಡ್ತು. ನೀನೊಬ್ಳು ಅಕ್ಕನ್ನ ಹುಡುಕ್ಕೊಂಡು ಹೋಗಿ ನನ್ನ ನೋಡಿದ್ದೀಯಲ್ಲೇ, ಪೆದ್ದಿ!"

ಪರದೆಯ ಮೇಲೆ ಆ ಹಳೆಯ ಮುಖವೂ ನಗುತ್ತಿತ್ತು. ಕೂದಲು ಅಲ್ಲಾಡುತ್ತಿತ್ತು. ಈ ಸಲ ಸದ್ದೂ ಇತ್ತು.

ಕಣ್ಣೊರೆಸಿಕೊಂಡ ಮೇಲೆ ಅವಳೇ ಹೇಳಿದಳು: "ಅಕ್ಕ ನಕ್ಕರೆ ಸದ್ದೇ ಬರ್ತಿರ್ಲಿಲ್ಲ. ಭುಜ ಮಾತ್ರ ಕುಣೀತಿತ್ತು. ನಗ್ತಿದ್ದಾಳೋ ಅಳ್ತಿದ್ದಾಳೋ ಅಂತ ನಾವು ಹಿಂದಿನಿಂದ ಬಂದು ನೋಡ್ಬೇಕಾಗ್ತಿತ್ತು. ಇದನ್ನ ಇಟ್ಕೋ. ಇದು ಅವಳದ್ದೇ." ಆಮೇಲೆ ಏಳನ್ನೇ ಇನ್ನೊಮ್ಮೆ ಒತ್ತಿ ಕೊಂಬಿನವಳನ್ನು ವಾಪಸು ಕರೆದಳು. "ಆ ಹಲ್ಲನ್ನ ಇವಳಿಗೆ ಹಾಕು. ಆ ವಯಸ್ಸಿನ ಮುಖ ತಗೊಂಡು ನಾನೀಗೇನು ಮಾಡ್ಲಿ? ಹಲ್ಲು ಸಾಕು."

ಹಲ್ಲಿನ ಪದರವನ್ನು ಕೊಂಬಿನವಳ ಬಾಯೊಳಗೆ ಎಳೆದು ಕೂರಿಸಿ ಕಳಿಸಿದೆ. ಕೀಲಣ್ಣ ಗೊಣಗಿದ. "ಗುರುಗಳೇ, ಒಂದು ಹಲ್ಲು ಅರ್ಧಕ್ಕೆ ನಿಂತಿದೆ. ಮುಗ್ಸೋದು ಮರ್ತಿದ್ದೀರಾ?"

"ಮರ್ತಿಲ್ಲ. ಹಾಗೇ ಕಟ್ಟು."

ಮೊದಲನೇ ದಿನ ಹದಿನಾಲ್ಕು ಜನ ಬಂದರು. ಚಿಕ್ಕಮ್ಮ ಕಾಲರು ಕತ್ತರಿಸುವುದನ್ನು ಹೇಳಿಕೊಡುತ್ತಿದ್ದಳು. ನಾನು ಒಳಗಿನ ಕೋಣೆಯಿಂದ ಕೇಳುತ್ತಿದ್ದೆ. ಯಾರೋ ಬರೆದದ್ದನ್ನು ಅವಳು ಗಟ್ಟಿಯಾಗಿ ಓದಿದಳು: "'ಚಿತ್ರ ಬರೆದವರು ಒಂದು ಹಲ್ಲು ಸರಿಯಾಗಿ ಬರೆದಿಲ್ಲ.'" ಆಮೇಲೆ ನಕ್ಕಳು. "ಸರಿಯಾಗೇ ಬರ್ದಿದ್ದಾಳಪ್ಪ. ಅದು ನನ್ನ ಹಲ್ಲು. ಎರಡು ವರ್ಷದ ಮಗು ಇದ್ದಾಗ ನೋಡಿ ಇಟ್ಕೊಂಡಿದ್ಲು."

ನನ್ನ ಮುಂದೆ ಮೂಲ ಫೈಲು ತೆರೆದಿತ್ತು. ಆ ಇನ್ನೊಂದು ಮುಖವನ್ನು ಕೊನೆಗೂ ಬೇರೆ ಕಡೆ ಎತ್ತಿಟ್ಟೆ. ಅದು ಯಾರದೆಂದು ಈಗ ಗೊತ್ತಾಗಿದೆಯಲ್ಲ, ಫೋಲ್ಡರಿನ ಹೆಸರನ್ನೂ ತಿದ್ದಿಬಿಡೋಣ ಎಂದು ಅದರ ಮೇಲೆ ಒತ್ತಿದೆ. 'ಅಮ್ಮ' ಎಂಬುದು ನೀಲಿಯಾಗಿ ಹೊಸ ಹೆಸರಿಗೆ ಕಾದು ನಿಂತಿತು. ಮುಂದಿನ ಕೋಣೆಯಲ್ಲಿ ಅವಳು ಯಾರಿಗೋ ಗದರುತ್ತಿದ್ದಳು, ಕತ್ತರಿಯನ್ನು ಹಾಗೆ ಹಿಡಿಯಬೇಡಿ ಎಂದು. ಸ್ವಲ್ಪ ಹೊತ್ತು ಕೇಳುತ್ತ ಕೂತೆ. ತಿದ್ದುವುದೇನೂ ಇರಲಿಲ್ಲ. ಹಾಗೇ ಉಳಿಸಿ ಫೈಲು ಮುಚ್ಚಿದೆ.