ಪಾಲಿಶ್ ಮಾಮನ ಕೋಟು

ಮಗಳು ಅಪ್ಪನ ಮೂಗನ್ನು ನಾಲ್ಕನೆಯ ಸಲ ಎಡಕ್ಕೆ ಎಳೆದಳು. ಪರದೆಯ ಮೇಲೆ ಮೂಗಿನ ಜೊತೆಗೆ ಅರ್ಧ ಕೆನ್ನೆಯೂ ಹೊರಟಿತು.

"ಹಲ್ಲುನೋವು ಬಂದೋರ ಥರ ಮಾಡ್ಬಿಟ್ಯಲ್ಲೇ," ಎಂದಳು ಬೆನ್ನ ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ತಾಯಿ. "ಸೊಟ್ಟ ಮೂಗನ್ನ ನೆಟ್ಟಗೆ ಮಾಡೋಕೆ ಅವರಿಗೆ ಎರಡು ನಿಮಿಷ ಸಾಕಾಗಿತ್ತು. ನೆಟ್ಟಗಿರೋದನ್ನ ಸೊಟ್ಟ ಮಾಡೋಕೆ ನಿನಗೆ ಬೆಳಗ್ಗಿಂದ ಆಗ್ತಿಲ್ಲ."

"ಅಮ್ಮ, ಸ್ವಲ್ಪ ಸುಮ್ನಿರು. ಮತ್ತೆ ಹ್ಯಾಂಗ್ ಆಯ್ತು."

ಗೋಡೆಯಾಚೆ ನಡುಮನೆಯಲ್ಲಿ ಆ ಮೂಗಿನ ಒಡೆಯರು ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ನಾಲ್ಕು ಗಂಟೆಗೆ ಸ್ಮಶಾನದ ಗಾಡಿ ಬರುವುದಿತ್ತು. ಅಷ್ಟರೊಳಗೆ ತಲೆಯ ಬಳಿ ಇಡಲು ಒಂದು ಫೋಟೋ ಬೇಕು. ಇಪ್ಪತ್ತೆರಡು ವರ್ಷ ಇಡೀ ಬೀದಿಯ ಮುಖಗಳನ್ನು ತಿದ್ದಿದವರ ಮನೆಯಲ್ಲಿ ಅವರದೇ ಮುಖ ಸಿಗುತ್ತಿರಲಿಲ್ಲ.

ಬೀದಿಯವರಿಗೆ ಅವರು ಪಾಲಿಶ್ ಮಾಮ. ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ಒಂದು ಹಳೇ ಕಂಪ್ಯೂಟರು, ಎಲ್ಲಕ್ಕಿಂತ ಅಗ್ಗದ್ದೆಂದು ಹುಡುಕಿ ತಂದ ಸಾಫ್ಟ್‌ವೇರು. ಅದರಲ್ಲೇ ಅವರು ಮೊಡವೆ ಅಳಿಸಿದರು, ಬೋಳುತಲೆಗೆ ಕೂದಲು ಬೆಳೆಸಿದರು, ಮುಚ್ಚಿದ ಕಣ್ಣು ತೆರೆಸಿದರು. ಇವರ ಕೈಗೆ ಸಿಕ್ಕರೆ ಎಮ್ಮೆಗೂ ಗಂಡು ಸಿಗುತ್ತಾನೆ ಎಂದು ಹೆಂಡತಿ ಬಂದವರೆದುರೇ ಹೇಳುತ್ತಿದ್ದಳು.

ಪಕ್ಕದ ಕಟಿಂಗ್ ಶಾಪಿನವನೂ ಎದುರು ಸಾಲಿನ ಟೈಲರನೂ ಒಳಗೆ ಬಂದರು. ಕಟಿಂಗ್ ಶಾಪಿನವ ಪರದೆಯತ್ತ ಬಗ್ಗಿ ನೋಡಿದ.

"ಯಾರಕ್ಕ ಇದು, ಮಾಮನ ತಮ್ಮನಾ?"

"ಅವರಿಗೆಲ್ಲಿ ತಮ್ಮ? ಗುರುತಿನ ಚೀಟಿಗೆ ಅಂತ ತಮ್ಮನ್ನ ತಾವೇ ಪಾಲಿಶ್ ಮಾಡ್ಕೊಂಡಿದ್ದು. ಇದನ್ನ ತೋರಿಸಿದ್ರೆ ಗುಮಾಸ್ತ, ನಿಮ್ಮ ಮಗನ್ನೇ ಕಳಿಸಿ ಅಂದಿದ್ನಂತೆ. ಇದನ್ನ ಇಟ್ರೆ, ಯಾರ ಮನೆಗೆ ಬಂದ್ವೋ ಅಂತ ಜನ ವಾಪಸ್ ಹೋಗ್ತಾರೆ."

"ನಿನ್ನ ಫೋನಲ್ಲಿ ಇಲ್ವೇನಮ್ಮ?" ಟೈಲರ್ ಮಗಳನ್ನು ಕೇಳಿದ.

ಮಗಳು ಫೋನನ್ನು ಮುಂದೆ ತಳ್ಳಿದಳು. ಅದರಲ್ಲಿ ಇದ್ದದ್ದೆಲ್ಲ ಅಪ್ಪನ ಅಂಗೈ. ಯಾರು ಫೋನ್ ಎತ್ತಿದರೂ ಅವರು ಕೈ ಅಡ್ಡ ಹಿಡಿಯುತ್ತಿದ್ದರು.

"ಹಾಗಾದ್ರೆ ಈಗ್ಲೇ ಒಂದು ತೆಗೆದ್ಬಿಟ್ರೆ?" ಟೈಲರ್ ದನಿ ತಗ್ಗಿಸಿ ಕೇಳಿದ.

"ಕಣ್ಣು ಮುಚ್ಚಿದೆಯಲ್ಲಪ್ಪ," ಎಂದಳು ತಾಯಿ. "ಮುಚ್ಚಿದ ಕಣ್ಣು ತೆರೆಸೋಕೆ ಬರ್ತಿದ್ದಿದ್ದು ಈ ಬೀದೀಲಿ ಒಬ್ರಿಗೇ."

ಅವಳು ಟೈಲರನ ಕೊರಳಲ್ಲಿ ನೇತಾಡುತ್ತಿದ್ದ ಟೇಪನ್ನೇ ನೋಡುತ್ತಿದ್ದವಳು ತಟ್ಟನೆ ಎದ್ದು ನಿಂತಳು.

"ನಿನ್ನ ಕೋಟು! ಅವತ್ತು ಅದನ್ನ ಹಾಕ್ಕೊಂಡಾಗ ಅವರ ಫೋಟೋ ನಾನೇ ತೆಗೆದಿದ್ನಲ್ಲ. ಅದರಲ್ಲಿ ನಗ್ತಿದ್ರು. ಆ ಕೋಟಿನ ಫೋಟೋ ಹುಡುಕೇ."

*

ಆಗ ಸ್ಟುಡಿಯೋ ಹೊಸದು. ಕೆಲಸಕ್ಕೆ ಅರ್ಜಿ ಹಾಕುವವರಿಗೆಲ್ಲ ಕೋಟು ತೊಟ್ಟ ಫೋಟೋ ಬೇಕಿತ್ತು, ಕೋಟು ಯಾರ ಹತ್ತಿರವೂ ಇರಲಿಲ್ಲ. ಯಾರಿಗೋ ಹೊಲಿದಿಟ್ಟಿದ್ದ ಕಪ್ಪು ಕೋಟನ್ನು ಟೈಲರ್ ಒಂದೇ ಒಂದು ಗಂಟೆಯ ಮಟ್ಟಿಗೆ ಕೊಟ್ಟ. ಅದನ್ನು ತೊಟ್ಟು ಗಂಡ ಗಾಢ ನೀಲಿ ಪರದೆಯ ಮುಂದೆ ನಿಂತರು. ಹೆಂಡತಿ ಜನ್ಮದಲ್ಲಿ ಮೊದಲ ಸಲ ಕ್ಯಾಮೆರಾ ಹಿಡಿದಳು.

"ಎಡಭುಜ ಎತ್ರೀ. ಹತ್ತು ಮೂಟೆ ಹೊತ್ತೋರ ಥರ ಇಳಿಬಿದ್ದಿದೆ."

"ಅದು ಹುಟ್ಟಿದಾಗಿಂದ ಹಾಗೇ."

"ನಮ್ಮಪ್ಪನಿಗೆ ಹೇಳ್ಲೇ ಇಲ್ಲ ನೋಡಿ. ಒಂದು ಕಡೆ ಕುಸಿದಿರೋ ಮಾಲನ್ನ ಹಾಗೇ ದಾಟಿಸ್ಬಿಟ್ರಿ."

ಅವರು ನಕ್ಕರು. ಸೊಟ್ಟ ಮೂಗು, ಮುಕ್ಕಾದ ಮುಂದಿನ ಹಲ್ಲು, ಎಲ್ಲ ಸೇರಿ ನಕ್ಕವು. ಅವಳು ಒತ್ತಿದ್ದು ಆಗಲೇ.

ಕಂಪ್ಯೂಟರಿನ ಮುಂದೆ ಕೂತು ಅವರು ಕಾಲರಿನ ಅಂಚು ಹಿಡಿದು ತಮ್ಮ ತಲೆಯನ್ನು ಕತ್ತರಿಸುತ್ತಾ ಹೋದರು. ಕೊನೆಗೆ ಕೈ ತಡೆದು, "ತಲೆ ಇರೋದನ್ನ ಬೇರೆ ಒಂದು ಕಾಪಿ ಇಟ್ಕೊಳ್ಳಲೇನೇ?" ಎಂದರು.

"ಅದನ್ನ ಇಟ್ಕೊಂಡು ಏನ್ ಮಾಡ್ಲಿ? ದಿನಾ ಮನೇಲಿ ನೋಡ್ತೀನಲ್ಲ, ಅದು ಸಾಲದಾ?"

ಅವರು ಅದರ ಮೇಲೇ ಸೇವ್ ಒತ್ತಿದರು. ಮರುದಿನದಿಂದ ಬೀದಿಯ ತಲೆಗಳೆಲ್ಲ ಒಂದೊಂದಾಗಿ ಬಂದು ಆ ಹೆಗಲ ಮೇಲೆ ಕೂತವು.

*

ಮಗಳು ಫೈಲು ತೆರೆದಳು. ನೀಲಿ ಪರದೆ, ಕಪ್ಪು ಕೋಟು, ಬಿಳಿ ಕಾಲರು. ಕಾಲರಿನ ಮೇಲೆ ಬರೀ ನೀಲಿ.

"ಹಿಂದಕ್ಕೆ ಹೋಗೋ ಗುಂಡಿ ಇದ್ಯಲ್ಲ, ಅದನ್ನ ಒತ್ತು," ಎಂದಳು ತಾಯಿ.

"ಬರಲ್ಲಮ್ಮ."

"ಒತ್ತಿ ನೋಡದೇನೇ ಬರಲ್ಲ ಅಂತೀಯ."

ಮಗಳು ಒತ್ತಿದಳು. ಮತ್ತೆ ಒತ್ತಿದಳು. ತಾಯಿಯ ಸಮಾಧಾನಕ್ಕೆ ಹತ್ತು ಸಲ ಕಟಕಟ ಒತ್ತಿದಳು. ಕಾಲರಿನ ಮೇಲೆ ನೀಲಿಯೇ ಇತ್ತು.

"ಸೇವ್ ಮಾಡಿ ಮುಚ್ಚಿದ ಮೇಲೆ ಇದಕ್ಕೆ ಏನೂ ನೆನಪಿರಲ್ಲ. ಎಲ್ಲಾ ಕಡೆ ಹುಡುಕಿದೀನಿ. ಇಪ್ಪತ್ತೆಂಟು ಸಾವಿರ ಫೋಟೋ ಇದೆ ಇದರಲ್ಲಿ, ಅಪ್ಪಂದು ಒಂದಿಲ್ಲ." ಅವಳು ಮೌಸನ್ನು ಮೇಜಿಗೆ ಕುಕ್ಕಿದಳು. "ಒಂದು ಕಾಪಿ ಇಟ್ಕೊಳ್ಳೋಕೆ ಏನಾಗಿತ್ತು ಈ ಮನುಷ್ಯಂಗೆ?"

ಬೆಳಗ್ಗಿನಿಂದ ಒಂದು ಮಾತಿಗೆ ಮೂರು ಮಾತು ಸೇರಿಸುತ್ತಿದ್ದ ತಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಕೇಳಿದ್ರು," ಎಂದಳು. "ನಾನೇ ಬೇಡ ಅಂದೆ."

ಹೊರಗೆ ಯಾರೋ, ಮೂರೂವರೆ ಆಯಿತು ಎಂದರು. ತಾಯಿ ಪರದೆಯ ಹತ್ತಿರ ಬಂದು, ಕೋಟಿನ ಎಡಭುಜದ ಇಳಿಜಾರಿನ ಮೇಲೆ ಬೆರಳಿಟ್ಟಳು.

"ಇದನ್ನೇ ಪ್ರಿಂಟ್ ಹಾಕು."

"ತಲೆ ಇಲ್ಲದ್ದನ್ನಾ? ಜನ ನಗ್ತಾರಮ್ಮ."

"ನಗ್ಲಿ. ಆ ಗುರುತಿನ ಚೀಟಿಯವನ ಮುಂದೆ ಕೂತು ನನಗೆ ಅಳೋಕಾಗಲ್ಲ. ಅವನ ಪರಿಚಯ ನನಗಿಲ್ಲ. ಈ ಭುಜ ಗೊತ್ತು."

ಮಗಳು ಪ್ರಿಂಟ್ ಒತ್ತಿದಳು. ಪ್ರಿಂಟರು ಎರಡು ಹಾಳೆ ನುಂಗಿ, ಮೂರನೆಯದನ್ನು ಒಂದು ಬಿಳಿ ಗೆರೆಯೊಂದಿಗೆ ಹೊರಹಾಕಿತು. ಇನ್ನೊಂದು ಹಾಕಲು ಹೊತ್ತಿರಲಿಲ್ಲ. ಟೈಲರ್ ಅದನ್ನು ಗಾಜಿನ ಚೌಕಟ್ಟಿಗೆ ಸೇರಿಸಿ, ಮಲಗಿದ್ದವರ ತಲೆಯ ಬಳಿ ಒರಗಿಸಿಟ್ಟ. ಯಾರೂ ನಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಅಷ್ಟೆ.

ಮೊದಲು ಹೂವು ಹಿಡಿದು ಬಗ್ಗಿದ್ದು ಕಟಿಂಗ್ ಶಾಪಿನವ. ಬಗ್ಗಿದವನು ಹಾಗೇ ನಿಂತ. ಬಾಗಿಲ ಬೆಳಕು ಅವನ ಮುಖದ ಮೇಲಿತ್ತು. ಗಾಜಿನೊಳಗೆ, ಬಿಳಿ ಕಾಲರಿನ ಮೇಲಿನ ನೀಲಿಯಲ್ಲಿ, ಅವನ ಮುಖ ಬಂದು ಕೂತಿತ್ತು. ಅವನ ಅಂಗಡಿಯ ಕನ್ನಡಿಯ ಮೇಲೆ ತೂಗುಹಾಕಿದ, ಮಾಮ ಮಾಡಿಕೊಟ್ಟ ಕೋಟಿನ ಫೋಟೋದಲ್ಲಿ ಇದ್ದಂತೆಯೇ. ಅದರಲ್ಲಿ ಅಳಿಸಿದ್ದ ಗಲ್ಲದ ಮಚ್ಚೆ ಇದರಲ್ಲಿ ಇತ್ತು.

ಅವನು ಹೂವಿಟ್ಟು ಹಿಂದೆ ಸರಿದ. ಕೋಟು ಮತ್ತೆ ಖಾಲಿಯಾಯಿತು, ಎಡಭುಜ ಒಂದಿಷ್ಟು ಇಳಿಸಿಕೊಂಡು. ಟೈಲರ್ ಬಗ್ಗಿದ. ಅವನ ಹಿಂದಿನ ಸಾಲು ಬಾಗಿಲು ದಾಟಿ ಬೀದಿಯ ತಿರುವಿನವರೆಗೂ ನಿಂತಿತ್ತು.