ಬೇಕರಿ ಹುಡುಗನ ಕುದುರೆ ಸವಾರಿ

ನನ್ನ ತಮ್ಮನಿಗೆ ಹಿಟ್ಟು ನಾದುವುದನ್ನು ಬಿಟ್ಟರೆ ಇನ್ನೆರಡು ಕೆಲಸ ಚೆನ್ನಾಗಿ ಬರುತ್ತವೆ. ಒಂದು ಹೆದರುವುದು, ಇನ್ನೊಂದು ನಿದ್ದೆ ಮಾಡುವುದು. ಒಡಹುಟ್ಟಿದ ಅಕ್ಕನೇ ಹೀಗೆ ಹೇಳಬಹುದೇ ಎನ್ನಬೇಡಿ. ಅಕ್ಕನಲ್ಲದೆ ಇನ್ನಾರು ಹೇಳಬೇಕು? ಏಣಿ ಹತ್ತಿದರೆ ಅವನ ಕಾಲು ನಡುಗುತ್ತದೆ. ನಮ್ಮ ಅಂಗಡಿಯಲ್ಲಿ ಮೇಲಿನ ಕಪಾಟಿನ ಬಿಸ್ಕತ್ತಿನ ಡಬ್ಬ ಇಳಿಸುವವಳು ನಾನೇ. ಅಂಥವನು ಮನಸ್ಸು ಕೊಟ್ಟದ್ದು ಕುದುರೆ ಲಾಯದ ಹುಡುಗಿಗೆ!

ನಮ್ಮದು ಸಣ್ಣ ಬೇಕರಿ. ಊರು ಮಲಗಿರುವಾಗ ಅವನು ಭಟ್ಟಿ ಹೊತ್ತಿಸುತ್ತಾನೆ, ಊರು ಎದ್ದ ಮೇಲೆ ನಾನು ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತೇನೆ. ಬೆಳಗಿನ ಬ್ರೆಡ್ಡೆಲ್ಲ ಖರ್ಚಾಯಿತೋ ಇಲ್ಲವೋ, ಅವನಿಗೆ ನಿದ್ದೆ ಬರುತ್ತದೆ. ಆಕಳಿಸಿ, ಹಾಸಿಗೆ ಹುಡುಕಿಕೊಂಡು ಹೋಗುವ ನಿದ್ದೆಯಲ್ಲ ಅದು. ಎಲ್ಲಿದ್ದಾನೋ ಅಲ್ಲೇ. ಮೈದಾ ಚೀಲಕ್ಕೆ ಒರಗಿ ನಿಂತ ಹಾಗೆಯೇ ಗಲ್ಲ ಎದೆಗೆ ತಾಗುತ್ತದೆ, ಕಣ್ಣು ಅರ್ಧ ಮುಚ್ಚುತ್ತದೆ, ತುಟಿಯ ಮೇಲೊಂದು ಸಣ್ಣ ನಗು ಬಂದು ಕೂರುತ್ತದೆ. ಕೈಗಳು ಮಾತ್ರ ನಿದ್ದೆಯಲ್ಲೂ ಇಲ್ಲದ ಹಿಟ್ಟನ್ನು ನಾದುತ್ತಿರುತ್ತವೆ. ಗೊತ್ತಿಲ್ಲದವರು ನೋಡಿದರೆ, ಎಂಥ ಸಮಾಧಾನದ ಹುಡುಗ ಎಂದುಕೊಳ್ಳುತ್ತಾರೆ.

ಲಾಯದ ಹುಡುಗಿ ಪ್ರವಾಸಿಗರನ್ನು ಕುದುರೆಯ ಮೇಲೆ ಬೆಟ್ಟದ ಸರೋವರಕ್ಕೆ ಕರೆದೊಯ್ಯುವವಳು. ಅವರ ಬುತ್ತಿಗೆ ಬ್ರೆಡ್ ಕೊಳ್ಳಲು ನಸುಕಿನಲ್ಲೇ ಬರುತ್ತಿದ್ದಳು. ಆ ಹೊತ್ತಿಗೆ ಊರಲ್ಲಿ ಎಚ್ಚರವಾಗಿದ್ದವರು ಅವರಿಬ್ಬರೇ. ಮಾತು ಬೆಳೆಯದೆ ಇನ್ನೇನಾದೀತು? ನಾನು ಒಂದು ದಿನ ಬೇಗ ಎದ್ದು ಬಂದಾಗ ಇಬ್ಬರೂ ಸುಟ್ಟ ಬನ್ನೊಂದನ್ನು ಮುರಿದು ಹಂಚಿಕೊಂಡು ತಿನ್ನುತ್ತಿದ್ದರು. ಸುಟ್ಟ ಬನ್ನನ್ನು ಅಷ್ಟು ಖುಷಿಯಿಂದ ತಿನ್ನುವುದನ್ನು ನೋಡಿದ ಮೇಲೆ ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಹುಡುಗಿಯ ತಾಯಿಗೆ ಊರೆಲ್ಲ ಲಾಯದಮ್ಮ ಎನ್ನುತ್ತದೆ. ವಿಷಯ ಕಿವಿಗೆ ಬಿದ್ದ ಕೂಡಲೇ ಆಕೆ ಬೂಟುಗಾಲಲ್ಲೇ ಬೇಕರಿಗೆ ಬಂದು ನನ್ನೆದುರು ನಿಂತರು.

"ನಿಮ್ಮ ತಮ್ಮ ಒಳ್ಳೇವನಂತೆ. ಇರ್ಲಿ, ಸಂತೋಷ. ಆದ್ರೆ ಪುಕ್ಕಲನಿಗೆ ನಾನು ಮಗಳನ್ನ ಕೊಡಲ್ಲ. ಪುಕ್ಕಲ ಗಂಡ ಇವತ್ತು ತಾನು ಹೆದರ್ತಾನೆ, ನಾಳೆ ಹೆಂಡ್ತೀನ ಕುದುರೆಯಿಂದ ಇಳಿಸಿ ಮನೇಲಿ ಕೂರಿಸ್ತಾನೆ. ನನ್ನ ಮಗಳು ಸರಿಯಾಗಿ ನಡೆಯೋಕೆ ಮುಂಚೆ ಕುದುರೆ ಹತ್ತಿದೋಳು. ಒಂದ್ಸಲ ಅವನನ್ನ ಸರೋವರಕ್ಕೆ ಕರ್ಕೊಂಡು ಹೋಗ್ತೀನಿ. ದಾರೀಲಿ ನೋಡಿ ಹೇಳ್ತೀನಿ."

ಒಳಗೆ ಟ್ರೇ ಒಂದು ದಢಾರನೆ ಬಿತ್ತು. ಹುಡುಗ ಕೇಳಿಸಿಕೊಂಡಿದ್ದ.

"ನಾನೂ ಬರ್ತೀನಿ," ಎಂದೆ.

"ಮದುವೆ ಅವನದು. ನಿಮಗ್ಯಾಕೆ?"

"ಬಿದ್ರೆ ಎತ್ತೋಕೆ ಒಬ್ರು ಬೇಡ್ವಾ?"

ಲಾಯದಮ್ಮ ನಗಲಿಲ್ಲ. ಆಕೆ ನಗುವುದು ಕುದುರೆಗಳ ಜೊತೆ ಮಾತ್ರ ಎಂದು ಕೇಳಿದ್ದೆ.

ಹೊರಟ ದಿನ ತಮ್ಮ ಎಂದಿನಂತೆ ಕೆಲಸ ಮುಗಿಸಿ, ಮುಖ ತೊಳೆದು, ಕಿವಿಯ ಹಿಂದೆ ಮೈದಾ ಹಾಗೆಯೇ ಉಳಿಸಿಕೊಂಡು ಬಂದ. ಒಂದು ದಿನ ಭಟ್ಟಿ ಹೊತ್ತಿಸಬೇಡವೋ, ಮಲಗೋ ಎಂದು ಬಡಕೊಂಡಿದ್ದೆ. ಬ್ರೆಡ್ಡಿಲ್ಲದೆ ಊರು ಏನು ತಿನ್ನುತ್ತದೆ ಎಂದು ನನ್ನನ್ನೇ ಕೇಳಿದ. ಲಾಯದಂಗಳದಲ್ಲಿ ಜೀನು ಬಿಗಿದು ನಾಲ್ಕು ಕುದುರೆ ನಿಲ್ಲಿಸಿದ್ದರು. ಅವನಿಗೆ ಬಂದದ್ದು ಬೂದು ಬಣ್ಣದ ಸಾಹೇಬ. ನನಗೆ ದೊಡ್ಡಮ್ಮ ಎಂಬ ಮುದಿ ಹೆಣ್ಣು ಕುದುರೆ. ನಾನು ಮೇಲೆ ಹತ್ತುವಾಗ ಅದು ತಿರುಗಿ ಒಮ್ಮೆ ನನ್ನನ್ನು, ಒಮ್ಮೆ ಲಾಯದಮ್ಮನನ್ನು ನೋಡಿತು. ಇಷ್ಟು ಭಾರ ಹೊರುವ ಮಾತು ಆಗಿರಲಿಲ್ಲ ಎನ್ನುವ ನೋಟ ಅದು.

ಮುಂದೆ ಲಾಯದಮ್ಮ, ಆಮೇಲೆ ತಮ್ಮ, ಅವನ ಹಿಂದೆ ನಾನು, ಕೊನೆಗೆ ಹುಡುಗಿ. ಮೊದಮೊದಲು ಕಾಡಿನ ದಾರಿ, ಸುಖವಾಗಿಯೇ ಇತ್ತು. ಆಮೇಲೆ ಹಳ್ಳದ ಕಲ್ಲುಗಳು ಬಂದವು. ಕುದುರೆ ಕಾಲು ಜಾರಿಸಿದಾಗಲೆಲ್ಲ ತಮ್ಮ ಎರಡೂ ಕೈಯಲ್ಲಿ ಜೀನು ತಬ್ಬಿಕೊಂಡು, "ಅಕ್ಕಾ, ಇದೀಯಾ?" ಎನ್ನುತ್ತಿದ್ದ. "ಎಲ್ಲಿಗೋ ಹೋಗ್ಲಿ ಇದ್ರ ಮೇಲಿಂದ?" ಎನ್ನುತ್ತಿದ್ದೆ. ಹುಡುಗಿ ಹಿಂದಿನಿಂದ ಕಿಸಕ್ಕೆಂದು ನಗುತ್ತಿದ್ದಳು. ಲಾಯದಮ್ಮನ ಬೆನ್ನು ಮಾತ್ರ ಏನನ್ನೂ ಹೇಳುತ್ತಿರಲಿಲ್ಲ.

ಕಾಡು ಮುಗಿದಲ್ಲಿ ಲಾಯದಮ್ಮ ಕುದುರೆ ನಿಲ್ಲಿಸಿದರು. ಮುಂದಿನ ದಾರಿ ಬಂಡೆಯ ಸೊಂಟಕ್ಕೆ ಕೊರೆದಂತಿತ್ತು. ಬಲಕ್ಕೆ ಗೋಡೆಯಂಥ ಬಂಡೆ, ಎಡಕ್ಕೆ ಏನೂ ಇಲ್ಲ. ಆ ಏನೂ ಇಲ್ಲದ ಕಡೆ ಬಗ್ಗಿ ನೋಡಿದರೆ ಬಹಳ ಕೆಳಗೆ ಪೈನ್ ಮರಗಳ ತುದಿ ಕಾಣುತ್ತಿತ್ತು.

"ಇಲ್ಲಿಂದ ಯಾರೂ ಮಾತಾಡಬಾರ್ದು. ಅರಚಿದ್ರೆ ಕುದುರೆ ಬೆಚ್ಚುತ್ತೆ. ಲಗಾಮು ಎಳೀಬೇಡಿ, ಸಡಿಲ ಬಿಡಿ. ದಾರಿ ಅವಕ್ಕೆ ಗೊತ್ತು," ಎಂದರು.

ನಾನು ಕಣ್ಣು ಮುಚ್ಚಿ ಹೊರಟವಳು. ಸ್ವಲ್ಪ ಹೊತ್ತಾದ ಮೇಲೆ, ತಮ್ಮನ ಸದ್ದೇ ಇಲ್ಲವಲ್ಲ, ಇದ್ದಾನೋ ಬಿದ್ದನೋ ಎಂದು ಕಣ್ಣು ತೆರೆದರೆ, ಇದ್ದ. ನೆಟ್ಟಗೆ ಕೂತಿದ್ದ. ಲಗಾಮು ಸಡಿಲವಾಗಿ ಜೋತಾಡುತ್ತಿತ್ತು. ಭೇಷ್ ಎಂದುಕೊಳ್ಳುವಷ್ಟರಲ್ಲಿ ಅವನ ಕೈ ಕಣ್ಣಿಗೆ ಬಿತ್ತು. ಎರಡೂ ಕೈ ಸಾಹೇಬನ ಕುತ್ತಿಗೆಯ ಮೇಲೆ ಮೆಲ್ಲಗೆ ಒತ್ತುತ್ತಿದ್ದವು, ಮಡಚುತ್ತಿದ್ದವು, ಮತ್ತೆ ಒತ್ತುತ್ತಿದ್ದವು.

ಹಿಟ್ಟು ನಾದುತ್ತಿದ್ದಾನೆ! ಬೆಳಗಿನ ಬ್ರೆಡ್ ಖರ್ಚಾಗುವ ಹೊತ್ತು ಅದು. ಈ ಮಹಾಶಯ ಕುದುರೆಯ ಮೇಲೆ, ಪ್ರಪಾತದ ಅಂಚಿನಲ್ಲಿ, ನಿದ್ದೆ ಹೋಗಿದ್ದಾನೆ.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಇವನಿಗೆ ಬೆಟ್ಟದಷ್ಟು ಚಿಂತೆಯಿದ್ದೂ ನಿದ್ದೆ! ಕೂಗೋಣವೆಂದರೆ ಬೆಚ್ಚಿಬೀಳುತ್ತಾನೆ, ಸುಮ್ಮನಿರೋಣವೆಂದರೆ ಜಾರಿಬೀಳುತ್ತಾನೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡು ಕೂತೆ. ಸಾಹೇಬನಿಗೋ ಜನ್ಮದಲ್ಲಿ ಯಾರೂ ಹಾಗೆ ಕುತ್ತಿಗೆ ಒತ್ತಿರಲಿಲ್ಲವೆಂದು ಕಾಣುತ್ತದೆ. ಕಿವಿ ಜೋತುಬಿಟ್ಟು, ಒಂದು ಕಲ್ಲನ್ನೂ ಅಲುಗಿಸದೆ, ತೊಟ್ಟಿಲು ತೂಗಿದಂತೆ ನಡೆಯುತ್ತಿತ್ತು. ಲಾಯದಮ್ಮ ಒಮ್ಮೆ ಹಿಂತಿರುಗಿ ಅವನನ್ನು ನೋಡಿದರು. ಅವರ ಹುಬ್ಬು ಮೇಲೇರಿತು.

ಬಂಡೆ ಮುಗಿದು ಸರೋವರ ಕಂಡಿತು. ಅಷ್ಟು ಎತ್ತರದಲ್ಲಿ ಅಷ್ಟೊಂದು ನೀರು, ಅಷ್ಟು ನೀಲಿ! ನೋಡಲು ನನಗೆಲ್ಲಿ ಪುರುಸೊತ್ತು? ಲಾಯದಮ್ಮ ದಡದಲ್ಲಿ ಇಳಿದು, ಸೊಂಟಕ್ಕೆ ಕೈಯಿಟ್ಟು, ತಮ್ಮನ ಎದುರು ನಿಂತು ಹೇಳಿದರು:

"ಎಷ್ಟೋ ಜನರನ್ನ ಕರ್ಕೊಂಡು ಬಂದಿದೀನಿ. ಮೊದಲನೇ ಸಲವೇ ಲಗಾಮು ಬಿಟ್ಟು, ಕುದುರೆ ಕುತ್ತಿಗೆ ನೇವರಿಸಿಕೊಂಡು ಬಂದೋರು ಯಾರೂ ಇಲ್ಲ. ನಿನ್ನನ್ನ ಪುಕ್ಕಲ ಅಂದವರ ಬಾಯಿಗೆ ಮಣ್ಣು ಹಾಕ. ನನ್ನ ಮಗಳನ್ನ..."

ಅಷ್ಟರಲ್ಲಿ ಸಾಹೇಬನಿಗೆ ಬಾಯಾರಿತು. ನಾಲ್ಕು ಹೆಜ್ಜೆ ನೀರಿಗಿಳಿದು ತಲೆ ಬಗ್ಗಿಸಿತು. ನನ್ನ ತಮ್ಮ ಅದರ ಕುತ್ತಿಗೆಯ ಮೇಲಿಂದ ಮೆತ್ತಗೆ ಜಾರಿ, ತಲೆ ಕೆಳಗಾಗಿ ಸರೋವರಕ್ಕೆ ಬಿದ್ದ.

ಎದ್ದು ನಿಂತು ನೀರು ಉಗುಳಿ, ಸುತ್ತ ನೋಡಿ, "ಅಕ್ಕಾ, ಬ್ರೆಡ್ ಸೀದು ಹೋಯ್ತಾ?" ಎಂದ.

ಹುಡುಗಿ ಹೊಟ್ಟೆ ಹಿಡಿದುಕೊಂಡು ಹುಲ್ಲಿನ ಮೇಲೆ ಕುಸಿದಳು. ನಾನು ಮಾನ ಉಳಿಸಲು ನೋಡಿದೆ. "ಖುಷಿಗೆ ಹಾರಿದ ನೋಡಿ. ಮೊದಲಿಂದ್ಲೂ ನೀರು ಅಂದ್ರೆ ಪ್ರಾಣ ಅವನಿಗೆ," ಎಂದೆ.

"ಇಲ್ಲಮ್ಮಾ," ಎಂದ ಆ ಸತ್ಯಸಂಧ, ಲಾಯದಮ್ಮನ ಕಡೆ ತಿರುಗಿ. ಹಲ್ಲು ಕಟಕಟ ಎನ್ನುತ್ತಿತ್ತು. "ನಿದ್ದೆ ಹೋಗ್ಬಿಟ್ಟಿದ್ದೆ. ಆ ಬಂಡೆ ದಾರಿ ಯಾವಾಗ ಮುಗೀತೋ ನಂಗೆ ಗೊತ್ತಿಲ್ಲ. ನೀವು ಹೇಳ್ತಿದ್ದ ಮಾತು ನಂಗೆ ಸಲ್ಲಲ್ಲ."

ಲಾಯದಮ್ಮ ಸೊಂಟದ ಮೇಲಿಂದ ಕೈ ತೆಗೆದರು.

"ಹಾಗಾದ್ರೆ ನಾನು ಆಡಿದ್ದು ವಾಪಸ್ ತಗೊಂಡೆ. ಹೋಗೋದೂ ಅದೇ ದಾರಿ. ಮೈ ಒಣಗಿಸ್ಕೊ. ಈ ಸಲ ಕಣ್ಣು ಬಿಟ್ಕೊಂಡು ಬಾ."

ಬಿಸಿಲಿನಲ್ಲಿ ಅಂಗಿ ಒಣಗುವವರೆಗೆ ಕೂತೆವು. ಹುಡುಗಿ ಅವನ ಪಕ್ಕ ಕೂತು ತಲೆ ಒರೆಸಿದಳು. ನಿಜ ಹೇಳಿದ್ದಕ್ಕೆ ನಾನು ಅವನನ್ನು ಬಾಯಿಗೆ ಬಂದಂತೆ ಬೈದೆ. ಆದರೆ ಬೈಯುವಾಗಲೇ ನನಗೆ ಅವನ ಮೇಲೆ ಎಲ್ಲಿಲ್ಲದ ಹೆಮ್ಮೆ ಬಂತು. ಸುಮ್ಮನೆ ತಲೆಯಾಡಿಸಿದ್ದರೆ ಮದುವೆ ಆಗಿಹೋಗುತ್ತಿತ್ತು.

ಹಿಂತಿರುಗುವಾಗ ಸಾಲು ಬದಲಾಯಿತು. ಹುಡುಗಿ ಮುಂದೆ, ಅವಳ ಹಿಂದೆ ತಮ್ಮ. ಅವನ ಬೆನ್ನಿಗೇ ಲಾಯದಮ್ಮ, ಪರೀಕ್ಷೆಯ ಕೋಣೆಯ ಮೇಷ್ಟ್ರ ಹಾಗೆ. ಕೊನೆಗೆ ನಾನು. ಈ ಸಲ ಅವನಿಗೆ ಎಲ್ಲವೂ ಕಾಣುತ್ತಿತ್ತು. ಕುತ್ತಿಗೆ ಕಟ್ಟಿಗೆಯಾಗಿತ್ತು. ಆದರೂ ಲಗಾಮು ಸಡಿಲವಾಗಿಯೇ ಇತ್ತು.

ದಾರಿ ತೀರ ಕಿರಿದಾದಲ್ಲಿ ಹುಡುಗಿ ನಿಂತಳು. ನಾವು ಹೋದ ಮೇಲೆ ಮೇಲಿಂದೊಂದು ಕಲ್ಲು ಉರುಳಿ ದಾರಿಗೆ ಅಡ್ಡ ಕೂತಿತ್ತು. ಇಳಿಯಲು ಜಾಗವಿಲ್ಲ. ಅವಳು ಒಂದು ಕೈಯಲ್ಲಿ ಕುದುರೆಯ ಕುತ್ತಿಗೆಯ ಕೂದಲು ಹಿಡಿದು, ಮೈಯನ್ನು ಪೂರ್ತಿ ಬಲಕ್ಕೆ, ಆ ಏನೂ ಇಲ್ಲದ ಕಡೆಗೆ ಬಾಗಿಸಿ, ಕೋಲಿನಿಂದ ಕಲ್ಲನ್ನು ಮೀಟತೊಡಗಿದಳು. ಕುದುರೆಯ ಹಿಂಗಾಲು ಅಂಚಿಗೆ ಸರಿಯಿತು. ಜಲ್ಲಿಕಲ್ಲು ಉದುರಿತು, ಕೆಳಗೆ ಮುಟ್ಟಿದ ಸದ್ದು ಬರಲಿಲ್ಲ.

ಬೇಡ ಕಣೇ, ಬಿಟ್ಟುಬಿಡೇ ಎಂದು ಅರಚುವವಳಿದ್ದೆ, ತಲೆಗೆ ಕಟ್ಟಿದ್ದ ಬಟ್ಟೆಯ ತುದಿಯನ್ನು ಬಾಯಿಗೆ ತುರುಕಿಕೊಂಡೆ. ತಮ್ಮನ ಹೆಗಲು ಮೇಲೇರಿತು. ಈಗ ಕೂಗುತ್ತಾನೆ, ಎಲ್ಲ ಮುಗಿಯಿತು ಎಂದುಕೊಂಡೆ. ಅವನು ಕೂಗಲಿಲ್ಲ. ಮುಖವನ್ನೂ ತಿರುಗಿಸಲಿಲ್ಲ. ಕಲ್ಲು ಅಲುಗಿ, ಹೊರಳಿ, ಅಂಚು ದಾಟಿ ಬಿತ್ತು. ಹುಡುಗಿ ನೆಟ್ಟಗಾಗಿ, ಹಿಂತಿರುಗಿ ನೋಡದೆ ಕುದುರೆಗೆ ಹಿಮ್ಮಡಿ ತಾಗಿಸಿದಳು.

ಕಾಡು ಸೇರಿ ಎಲ್ಲರೂ ಇಳಿದರೂ ತಮ್ಮನಿಗೆ ಇಳಿಯಲಾಗಲಿಲ್ಲ. ಕಾಲು ಅವನ ಮಾತು ಕೇಳುತ್ತಿರಲಿಲ್ಲ. ಹುಡುಗಿಯೇ ಬಂದು ಸೊಂಟ ಹಿಡಿದು ಕೆಳಗಿಳಿಸಿದಳು.

"ಹೆದರಿಕೆ ಆಯ್ತಾ?" ಎಂದು ಕೇಳಿದಳು.

"ತುಂಬಾ."

"ನಾನು ಕಲ್ಲು ತೆಗೆಯೋಕೆ ಬಗ್ಗಿದಾಗ?"

"ಆಗ ಅರ್ಧ ಸತ್ತೆ."

"ಮತ್ತೆ ಯಾಕೆ ಬೇಡ ಅನ್ಲಿಲ್ಲ?"

ತಮ್ಮ ಇದೆಂಥ ಪ್ರಶ್ನೆ ಎಂಬಂತೆ ಅವಳ ಮುಖ ನೋಡಿದ. "ಅದು ನಿನ್ನ ಕೆಲ್ಸ ಅಲ್ವಾ? ನಾನು ಉರಿಯೋ ಭಟ್ಟಿಗೆ ಕೈ ಹಾಕುವಾಗ ನೀನು ಎದುರಿಗೇ ನಿಂತಿರ್ತೀಯ. ಒಂದಿನನಾದ್ರೂ ಅರಚಿದೀಯಾ?"

ಹುಡುಗಿ ಅವನ ಕೈ ಹಿಡಿದುಕೊಂಡಳು. ಅವನು ಹುಟ್ಟಿದಾಗಿನಿಂದ ಬೇಡ, ಹತ್ತಬೇಡ, ಬೀಳ್ತೀಯ ಎನ್ನುತ್ತಲೇ ಬಂದವಳು ನಾನು. ಈ ಮಾತು ಇವನಿಗೆ ಯಾರು ಕಲಿಸಿದರು? ನಾನಂತೂ ಅಲ್ಲ.

ಲಾಯದಮ್ಮ ನನ್ನ ಕುದುರೆ ದೊಡ್ಡಮ್ಮನ ಜೀನಿನ ಪಟ್ಟಿ ಸಡಿಲಿಸುವ ನೆಪದಲ್ಲಿ ಆ ಕಡೆ ತಿರುಗಿ ನಿಂತಿದ್ದರು. ಸಡಿಲಿಸಿದ್ದನ್ನೇ ಮತ್ತೆ ಬಿಗಿದರು, ಬಿಗಿದದ್ದನ್ನು ಮತ್ತೆ ಸಡಿಲಿಸಿದರು. ಕೊನೆಗೆ ಮೂಗೊರೆಸಿಕೊಂಡು ಈ ಕಡೆ ಬಂದರು. ನನ್ನ ತಮ್ಮ ಇನ್ನೊಂದು ಕೈಯಲ್ಲಿ ಇನ್ನೂ ಸಾಹೇಬನ ಲಗಾಮನ್ನು ಮುಷ್ಟಿ ಬಿಗಿದು ಹಿಡಿದಿದ್ದ. ಆಕೆ ಒಂದೊಂದೇ ಬೆರಳನ್ನು ಬಿಡಿಸುತ್ತಾ, ಅಲ್ಲಿಯವರೆಗೆ ಅವನನ್ನು ನೀನು ಎಂದೇ ಮಾತಾಡಿಸುತ್ತಿದ್ದವರು, ಬೇರೆಯೇ ದನಿಯಲ್ಲಿ ಹೇಳಿದರು:

"ಲಗಾಮು ಬಿಡಿ ಅಳಿಯಂದ್ರೇ. ಕೆಳಗೆ ಇಳಿದಾಗಿದೆ."